ಸಹಾಯ ಬೇಕು: ಹೇಮಕುಂಡದ ಏರು ಹತ್ತೋಕೆ ಘಾಂಘರಿಯಾದಲ್ಲಿ ಎಷ್ಟು ದಿನ ಇರಬೇಕು?

ಎಲ್ಲರಿಗೂ ನಮಸ್ಕಾರ. ಹೋದ ವರ್ಷ ಆಗಸ್ಟಲ್ಲಿ ಉತ್ತರಾಖಂಡದ ಹೇಮಕುಂಡ ಸರೋವರಕ್ಕೆ ಹೊರಟು, ಇನ್ನೇನು ಒಂದೂವರೆ ಕಿಲೋಮೀಟರ್ ಇದೆ ಅನ್ನುವಾಗ ವಾಪಸ್ ಬಂದೆ. ತಲೆ ಸಿಡಿಯುವಷ್ಟು ನೋವು, ಎರಡು ಸಲ ವಾಂತಿ. ಏರು ಶುರುವಾಗೋ ಹಳ್ಳಿ ಘಾಂಘರಿಯಾಕ್ಕೆ ಇಳಿದ ಮೇಲೆ ಸರಿಹೋಯ್ತು.

ಕಾಲಿನ ಶಕ್ತಿಯ ಸಮಸ್ಯೆ ಅಲ್ಲ, ದೇಹ ಎತ್ತರಕ್ಕೆ ಹೊಂದಿಕೊಳ್ಳದೇ ಹೋಗಿದ್ದು ಅನ್ಸುತ್ತೆ. ಕುಮಾರಪರ್ವತ ಮೂರು ಸಲ ಹತ್ತಿದ್ದೀನಿ. ಆದರೆ ಅದು 1,712 ಮೀಟರ್ ಅಷ್ಟೇ. ಇಲ್ಲಿ ಸುಮಾರು 3,000 ಮೀಟರಿಂದ ಶುರುವಾಗಿ ಬರೀ 6 ಕಿಲೋಮೀಟರಲ್ಲಿ 4,000 ದಾಟಿ ಹೋಗ್ಬೇಕು. ಆಗ ಘಾಂಘರಿಯಾದಲ್ಲಿ ಒಂದೇ ರಾತ್ರಿ ಇದ್ದೆ.

ಈ ಸಲ ಅಪ್ಪನೂ ಬರ್ತಿದ್ದಾರೆ, 61 ವರ್ಷ. ಬ್ರಹ್ಮಕಮಲ ಅರಳಿರೋದನ್ನ ಅಲ್ಲೇ ನೋಡ್ಬೇಕು ಅಂತ ಅವರಿಗೆ ಬಹಳ ವರ್ಷದ ಆಸೆ. ಡಾಕ್ಟರ್ ಇಬ್ಬರನ್ನೂ ಪರೀಕ್ಷೆ ಮಾಡಿ, ನಿಧಾನವಾಗಿ ಹತ್ತಿ ಅಂದಿದ್ದಾರೆ. ಮೇಲೆ ಸರೋವರದ ಹತ್ತಿರ ರಾತ್ರಿ ಉಳಿಯೋಕೆ ಬಿಡಲ್ಲ, ಅದೇ ದಿನ ಇಳೀಬೇಕು. ಕುದುರೆ ಮೇಲೆ ಹೋದ್ರೆ ಸುಸ್ತಾಗಲ್ಲ ಸರಿ, ಆದ್ರೆ ಇನ್ನೂ ಬೇಗ ಎತ್ತರಕ್ಕೆ ಹೋದಂಗೆ ಆಗಲ್ವಾ? ಅದೇ ನನ್ನ ಭಯ.

ಹೋಗಿಬಂದವರು ಹೇಳಿ: ಮೊದಲ ದಿನ ಅಲ್ಲೇ ಹತ್ತಿರದ ಹೂವಿನ ಕಣಿವೆ (ವ್ಯಾಲಿ ಆಫ್ ಫ್ಲವರ್ಸ್) ನೋಡಿ, ಘಾಂಘರಿಯಾದಲ್ಲಿ ಎರಡು ರಾತ್ರಿ ಕಳೆದು ಹತ್ತಿದ್ರೆ ಸಾಕಾ, ಇಲ್ಲಾ ಮೂರನೇ ರಾತ್ರಿನೂ ಬೇಕಾ?