ಅಂಬಾಸಿಡರ್ ಹಿಂಭಾಗ ಕತ್ತರಿಸಿ ಪಿಕಪ್ ಮಾಡಬಹುದಾ?

ಜಮಖಂಡಿ_ಮಾರ್ಕ್2
ನಮ್ಮ ಕಾಕಾ ಅವರ 1972ರ ಅಂಬಾಸಿಡರ್ ನನ್ನ ಪಾಲಿಗೆ ಬಂದಿದೆ. ಪೆಟ್ರೋಲ್ ಇಂಜಿನ್ ಸೀಜ್ ಆಗಿದೆ, ಹಿಂದಿನ ಸೀಟು ಇಲಿಗಳ ಹೊಟ್ಟೆ ಸೇರಿದೆ. ಮನೆಯಲ್ಲಿ ಈಗ ಎರಡು ಪಕ್ಷ. ಹಿಂದೆ ಕತ್ತರಿಸಿ ಪಿಕಪ್ ಮಾಡು, ದಾಳಿಂಬೆ ಪೆಟ್ಟಿಗೆ ಒಯ್ಯೋಣ ಅನ್ನುತ್ತಾರೆ ಭಾವ. ಮೆಟಡಾರ್ ಡೀಸೆಲ್ ಇಂಜಿನ್ ಕೂಡಿಸು ಅನ್ನುತ್ತಾನೆ ಮಿಸ್ತ್ರಿ. ಇಬ್ಬರ ಮಾತೂ ಕೇಳಿದರೆ ಕೊನೆಗೆ ಅಂಬಾಸಿಡರ್‌ದು ಅಂತ ಉಳಿಯುವುದು ಹಾರ್ನ್ ಒಂದೇ. ಯಾರಾದರೂ ಮಾಡಿ ನೋಡಿದ್ದೀರಾ?

ಉದ್ಯಮಬಾಗ_ಲೇಥ್
ಅಣ್ಣಾ, ಮೊದಲು ಭಾವನ ಕೈಯಿಂದ ಕಟರ್ ಕಸಿದುಕೊಳ್ಳಿ. ಅಂಬಾಸಿಡರ್‌ಗೆ ಜೀಪಿನ ಹಾಗೆ ಕೆಳಗೆ ಬೇರೆ ಚಾಸಿ, ಅಂದರೆ ಭಾರ ಹೊರುವ ಚೌಕಟ್ಟು, ಇಲ್ಲ, ಬಾಡಿಯೇ ಚಾಸಿ. ಟಾಪು, ಹಿಂದಿನ ಕಂಬ ಕತ್ತರಿಸಿ ಮೇಲೆ ದಾಳಿಂಬೆ ಹೇರಿದರೆ ನಡು ಬಾಗುತ್ತದೆ, ಆಮೇಲೆ ಬಾಗಿಲು ತೆರೆದರೆ ಮುಚ್ಚುವುದಿಲ್ಲ, ಮುಚ್ಚಿದರೆ ತೆರೆಯುವುದಿಲ್ಲ. ಕೆಳಗೆ ಚಾನೆಲ್ ವೆಲ್ಡ್ ಮಾಡಿ ಗಟ್ಟಿ ಮಾಡಬಹುದು, ಆದರೆ ಆ ದುಡ್ಡಿಗೆ ಸೆಕೆಂಡ್‌ಹ್ಯಾಂಡ್ ಪಿಕಪ್ ನೋಡುವುದೇ ವಾಸಿ.

ಮೆಟಡಾರ್ ಇಂಜಿನ್ ಬೇರೆ ಮಾತು. ಅದು ಮರ್ಸಿಡಿಸ್‌ನ ಓಎಂ616, 2.4 ಲೀಟರ್, ನಿಮ್ಮದು 1489 ಸಿಸಿ. ಓಡುತ್ತದೆ, ಸಂಶಯ ಇಲ್ಲ. ಆದರೆ ಭಾರ ಜಾಸ್ತಿ, ಮುಂದಿನ ಟಾರ್ಷನ್ ಬಾರ್ (ಸ್ಪ್ರಿಂಗ್ ಕೆಲಸ ಮಾಡುವ ಸರಳು) ಸೋತು ಗಾಡಿ ಮೂಗು ನೆಲ ಮೂಸುತ್ತದೆ. ಆ ಇಂಜಿನ್ನನ್ನು ಗೇರ್‌ಬಾಕ್ಸಿಗೆ ಜೋಡಿಸುವ ಅಡಾಪ್ಟರ್ ಪ್ಲೇಟ್ ಬೇಕಾದರೆ ನಮ್ಮ ಬೆಳಗಾವಿಗೆ ಬನ್ನಿ.

ವಿಜಯಪುರ_ಬುಲೆಟ್
ಪಂಪ್‌ಸೆಟ್ ಇಂಜಿನ್ ಕೂಡಿಸಿ ಬಿಡ್ರಿ! ಬುಲೆಟ್‌ಗೆ ಕೂಡಿಸಿದವರು ಇದ್ದರು, ಆಮೇಲೆ ಕಂಪನಿಯೇ ಟಾರಸ್ ಅಂತ 325 ಸಿಸಿ ಡೀಸೆಲ್ ಬುಲೆಟ್ ತಂದಿತು. ಆರೂವರೆ ಹಾರ್ಸ್‌ಪವರ್ ಅಷ್ಟೇ. ಇಳಿದು ಚಹಾ ಕುಡಿಯುವಾಗಲೂ ಕಪ್ಪು ನಡುಗಬೇಕು, ಅಂಥ ಗಾಡಿ. ಅದನ್ನು ಅಂಬಾಸಿಡರ್‌ಗೆ ಹಾಕಿದರೆ ನಮ್ಮೂರ ಟಾಂಗಾ ಕೂಡ ಓವರ್‌ಟೇಕ್ ಮಾಡುತ್ತದೆ.

ನವನಗರ_ಹೆರಾಲ್ಡ್
ನನ್ನದು ಸ್ಟ್ಯಾಂಡರ್ಡ್ ಹೆರಾಲ್ಡ್. ಅದಕ್ಕೆ ಬೇರೆ ಚಾಸಿ ಇದೆ, ಕತ್ತರಿಸುವ ಚಟ ಇದ್ದವರು ಅಂಥದ್ದು ಹುಡುಕಲಿ (ನನ್ನದನ್ನಲ್ಲ). 60ರ ದಶಕದಲ್ಲಿ ಜರ್ಮನಿಯವರು ಟ್ರಯಂಫ್ ಹೆರಾಲ್ಡ್ ಇಂಜಿನ್ ಹಾಕಿ ಆಂಫಿಕಾರ್ ಅಂತ ಮಾಡಿದ್ದರು, ರಸ್ತೆ ಮೇಲೂ ನೀರಲ್ಲೂ ಓಡುವ ಕಾರು. ಹಿಂದೆ ಎರಡು ಪ್ರೊಪೆಲರ್, ನೀರಲ್ಲಿ ತಿರುಗಿಸುವುದಕ್ಕೂ ಅದೇ ಮುಂದಿನ ಚಕ್ರ. ಇದೊಂದು ಇದ್ದಿದ್ದರೆ ಆಲಮಟ್ಟಿ ಹಿನ್ನೀರು ಬಂದ ಮೇಲೂ ಹಳೇ ಬಾಗಲಕೋಟೆ ಮನೆ ಮುಂದೆಯೇ ಪಾರ್ಕ್ ಮಾಡಬಹುದಿತ್ತು ಅಂತ ಅಪ್ಪನಿಗೆ ಹೇಳಿದೆ. ಅವರು ನಗಲಿಲ್ಲ.

ಕೆಎ22_ಹಳೇಗಾಡಿ
1972 ಅಂದರೆ 50 ವರ್ಷ ದಾಟಿತಲ್ಲ. 2021ರ ನಿಯಮದಲ್ಲಿ ವಿಂಟೇಜ್ ನೋಂದಣಿ ಇದೆ, ಶುಲ್ಕ 20,000 ರೂಪಾಯಿ, ನಂಬರಿನಲ್ಲಿ ವಿಎ ಅಂತ ಬರುತ್ತದೆ. ಆದರೆ ಗಾಡಿ ಮೂಲರೂಪದಲ್ಲೇ ಇರಬೇಕು. ವಿಂಟೇಜ್ ನಂಬರ್ ಬಂದ ಮೇಲೆ ದಿನಾ ಓಡಿಸುವಂತಿಲ್ಲ, ಬಾಡಿಗೆಗಂತೂ ಇಲ್ಲವೇ ಇಲ್ಲ, ಹಾಗಾಗಿ ದಾಳಿಂಬೆ ಮರೆತುಬಿಡಿ. ಡೀಸೆಲ್ ಇಂಜಿನ್ ಹಾಕಿದರೆ ಆರ್‌ಟಿಒ ಅನುಮತಿ, ಆರ್‌ಸಿಯಲ್ಲಿ ತಿದ್ದುಪಡಿ, ಅದೂ ಒಂದು ಓಡಾಟ.

ಅಂದಹಾಗೆ ಸೀಜ್ ಆಗಿದೆ ಅಂದವರು ಯಾರು? ಸುಮ್ನೆ ನಿಂತ ಗಾಡಿಯಲ್ಲಿ ಪಿಸ್ಟನ್ ರಿಂಗ್ ತುಕ್ಕು ಹಿಡಿದಿರುತ್ತದೆ ಅಷ್ಟೇ. ಪ್ಲಗ್ ಬಿಚ್ಚಿ ಸಿಲಿಂಡರ್‌ಗೆ ಡೀಸೆಲ್, ಆಯಿಲ್ ಬಿಟ್ಟು ಒಂದು ವಾರ ನೆನೆಸಿ, ಆಮೇಲೆ ಹ್ಯಾಂಡಲ್ ಹಾಕಿ ಮೆಲ್ಲಗೆ ತಿರುಗಿಸಿ.

ಜಮಖಂಡಿ_ಮಾರ್ಕ್2
ಡೀಸೆಲ್ ಬಿಟ್ಟಿದ್ದೇನೆ. ಭಾವ ಪಿಕಪ್ ಕೈಬಿಟ್ಟರು. ಈಗ ಕಬ್ಬಿನ ಹಾಲಿನ ಅಂಗಡಿ ಮಾಡೋಣ ಅನ್ನುತ್ತಿದ್ದಾರೆ, ಬಾನೆಟ್‌ನಲ್ಲಿ ಗಾಣ, ಡಿಕ್ಕಿಯಲ್ಲಿ ಐಸ್.

ವಿಜಯಪುರ_ಬುಲೆಟ್
ಇಂಡಿಯಿಂದ ನಿಂಬೆಹಣ್ಣು ನಾನು ತರುತ್ತೇನೆ. ಯಾವ ದಿನ ಓಪನಿಂಗು?