ಮಗನಿಗೆ ಡೆಂಗಿ ಬಂದೈತಿ, ಬಿಳಿ ರಕ್ತಕಣ ಇಳೀತಾ ಐತಿ, ಅನುಭವ ಇದ್ದೋರು ಹೇಳ್ರಿ

ನಿಟುವಳ್ಳಿ ತಾಯಿ, ಬುಧವಾರ ರಾತ್ರಿ:
ಎಲ್ರಿಗೂ ನಮಸ್ಕಾರ್ರಿ. ನಮ್ದು ದಾವಣಗೆರೆ ನಿಟುವಳ್ಳಿ. ಮಗನಿಗೆ ಏಳು ವರ್ಷ. ಸೋಮವಾರ ಸಂಜಿ ಸಾಲಿಂದ ಬಂದವನೇ ಬ್ಯಾಗು ಸಮೇತ ಮಲಗಿಬಿಟ್ಟ, ಮುಟ್ಟಿ ನೋಡಿದ್ರೆ ಮೈ ಕಾದ ಹಂಚು. ಕಣ್ಣಿನ ಹಿಂದೆ ನೋವು ಅಂತಾನ, ಕಾಲು ಸೆಳೀತಾವ ಅಂತ ಅಳ್ತಾನ. ಇವತ್ತು ರಕ್ತ ಕೊಟ್ವಿ, ಎನ್ಎಸ್1 ಅನ್ನೋ ಡೆಂಗಿ ಟೆಸ್ಟ್ ಪಾಸಿಟಿವ್, ಬಿಳಿ ರಕ್ತಕಣ 1 ಲಕ್ಷದ 10 ಸಾವಿರಕ್ಕೆ ಇಳದೈತಿ ಅಂದ್ರು. ಡಾಕ್ಟ್ರು ಅಡ್ಮಿಟ್ ಏನ್ ಬ್ಯಾಡ, ಮನ್ಯಾಗ ನೋಡ್ಕೊಳ್ರಿ, ದಿನಾ ರಕ್ತ ಚೆಕ್ ಮಾಡಿಸ್ರಿ ಅಂತ ಕಳ್ಸಿದ್ರು. ನನಗ ಮಾತ್ರ ಕೈಕಾಲು ಆಡವಲ್ದು. ಅತ್ತೆ ಪಪ್ಪಾಯಿ ಎಲಿ ಅರೀತಾ ಕುಂತಾರ, ಓಣಿಯವ್ರು ಆಡಿನ ಹಾಲು ಕುಡಿಸು ಅಂತಾರ, ಮೈದುನ ಒಂದು ಡಜನ್ ಕಿವಿ ಹಣ್ಣು ತಂದಾನ. ಎರಡು ವರ್ಷದ ಮಗಳೂ ಅದಾಳ, ಅವಳಿಗೂ ಅಂಟ್ತದೇನು? ತಟ್ಟೆ ಲೋಟ ಬ್ಯಾರೆ ಇಡಬೇಕಾ? ಎಷ್ಟಕ್ಕೆ ಇಳಿದ್ರೆ ಡೇಂಜರ್ರು? ಗೊತ್ತಿದ್ದೋರು ಹೇಳ್ರಿ.

ವಿದ್ಯಾನಗರದ ಅಕ್ಕ:
ತಟ್ಟೆ ಲೋಟದ ಚಿಂತಿ ಬಿಡವ್ವ. ಡೆಂಗಿ ಎಂಜಲಿಗೆ, ಕೆಮ್ಮಿಗೆ, ಮುಟ್ಟಿದ್ದಕ್ಕೆ ಬರೋದಲ್ಲ, ಸೊಳ್ಳೆ ಕಚ್ಚಿದ್ರೇ ಬರಬೇಕು. ಆದ್ರೆ ಜ್ವರ ಇರೋ ದಿನದಾಗ ನಿನ್ ಮಗನ್ನ ಕಚ್ಚಿದ ಸೊಳ್ಳೆ ಒಂದೆಂಟು-ಹತ್ತು ದಿನ ಕಳೆದು ಮಗಳನ್ನ ಕಚ್ಚಿದ್ರೆ ಅವಳಿಗೆ ಬಂತು ಅಂತಾನೇ ತಿಳ್ಕೊ. ಅದಕ್ಕ ಸೊಳ್ಳೆ ಪರದೆ ಮೊದ್ಲು ಮಗನಿಗೆ ಕಟ್ಟು, ಅದೂ ಹಗಲೊತ್ತಿನ್ಯಾಗ. ಇದು ಹಗಲುಗಳ್ಳ ಸೊಳ್ಳೆ, ಕಾಲಿಗೆ ಬಿಳಿ ಪಟ್ಟಿ ಇರ್ತಾವ, ಬೆಳಿಗ್ಗೆ ಬಿಸ್ಲು ಏರೋ ಹೊತ್ತಿಗೆ ಮತ್ತ ಸಂಜಿ ಹೊತ್ತು ಮುಳುಗೋ ಮುಂಚೆ ಜಾಸ್ತಿ ಕಚ್ತಾವ. ರಾತ್ರಿ ಪರದೆ ಕಟ್ಟಿ ಹಗಲು ಬಿಚ್ಚಿಟ್ರೆ ಏನೂ ಉಪಯೋಗಿಲ್ಲ.

ದುರ್ಗದ ಲ್ಯಾಬಿನವನು:
ಚಿತ್ರದುರ್ಗದಲ್ಲಿ ಲ್ಯಾಬ್ ಇಟ್ಕೊಂಡಿದೀನಿ ಅಕ್ಕ, ಮಳೆಗಾಲ ಬಂತು ಅಂದ್ರೆ ದಿನಾ ಇದೇ ಮಾತು ಕೇಳಿ ಕೇಳಿ ಸಾಕಾಗೈತೆ. ನಿಮ್ಮ ರಿಪೋರ್ಟಲ್ಲಿ ಇರೋ 1 ಲಕ್ಷದ 10 ಸಾವಿರ ಬಿಳಿ ರಕ್ತಕಣದ ಲೆಕ್ಕ ಅಲ್ಲ, ಅದು ಪ್ಲೇಟ್ಲೆಟ್, ಪುಸ್ತಕದಲ್ಲಿ ಕಿರುಬಿಲ್ಲೆ ಅಂತಾರೆ, ಗಾಯ ಆದ್ರೆ ರಕ್ತ ಹೆಪ್ಪುಗಟ್ಟಿಸೋ ಕೆಲಸ ಅದರದ್ದು. ಬಿಳಿ ರಕ್ತಕಣ ಅಂದ್ರೆ ಡಬ್ಲ್ಯೂಬಿಸಿ, ಬೇರೆ ಸಾಲಲ್ಲಿ ಇರ್ತದೆ, ಆರೋಗ್ಯವಾಗಿ ಇದ್ರೂ ಅದು ಸಾವಿರಗಳ ಲೆಕ್ಕದಲ್ಲೇ ಇರೋದು, ಡೆಂಗಿಲಿ ಅದೂ ಇಳೀತದೆ. ಯಾರು ಶುರು ಮಾಡಿದ್ರೋ ಏನೋ, ನಮ್ಮ ಕಡೆ ಪ್ಲೇಟ್ಲೆಟ್‌ಗೇ ಬಿಳಿ ರಕ್ತಕಣ ಅಂತ ಹೆಸ್ರು ಬಿದ್ದು ಹೋಗೈತೆ. ಹೋದ ವರ್ಷ ಒಬ್ರು ರಿಪೋರ್ಟ್ ಹಿಡ್ಕಂಡು ಬಿಳಿ ರಕ್ತಕಣ ಬರೀ ಐದು ಸಾವಿರ ಐತಂತೆ ಅಂತ ಬೆಂಗಳೂರಲ್ಲಿರೋ ಮಗನಿಗೆ ಫೋನ್ ಮಾಡಿ, ಆ ಹುಡುಗ ರಾತ್ರೋರಾತ್ರಿ ಕಾರು ಮಾಡ್ಕಂಡು ಬಂದ, ನೋಡಿದ್ರೆ ಅದು ನಿಜವಾದ ಬಿಳಿ ರಕ್ತಕಣ, ಪ್ಲೇಟ್ಲೆಟ್ ಒಂದೂವರೆ ಲಕ್ಷ ಆರಾಮಾಗಿತ್ತು.

ಇನ್ನೊಂದು ಸಾಲು ನೋಡ್ಕಳಿ, ಪಿಸಿವಿ ಇಲ್ಲಾ ಹೆಮಟೋಕ್ರಿಟ್ ಅಂತ ಇರ್ತದೆ, ರಕ್ತದಲ್ಲಿ ಕೆಂಪುಕಣ ನೂರಕ್ಕೆ ಎಷ್ಟು ಪಾಲು ಅನ್ನೋ ಲೆಕ್ಕ ಅದು. ಡೆಂಗಿಲಿ ರಕ್ತನಾಳದಿಂದ ನೀರಿನಂಶ ಹೊರಗೆ ಸೋರ್ತದೆ, ಸೋರಿದ್ರೆ ಉಳಿದ ರಕ್ತ ಮಂದ ಆಗ್ತದೆ, ಸಾರಿನ ಕಟ್ಟು ಬಸಿದ್ರೆ ತಳದಲ್ಲಿ ಬೇಳೆ ಮಂದ ಉಳಿಯಲ್ವ ಹಂಗೆ. ಮೊದಲ ದಿನ 35 ಇದ್ದ ಪಿಸಿವಿ 42 ಆಗಿ, ಅದೇ ಹೊತ್ತಿಗೆ ಪ್ಲೇಟ್ಲೆಟ್ ಗಬಗಬ ಅಂತ ಇಳಿದ್ರೆ ಆಗ ಓಡಬೇಕು. ಅದಕ್ಕೇ ಇವತ್ತಿನ ರಿಪೋರ್ಟ್ ಎಸೀಬೇಡಿ, ನಾಳೆದು ಇದ್ರ ಪಕ್ಕ ಇಟ್ಟು ನೋಡಬೇಕು.

ಎನ್ಎಸ್1 ಮೊದಲ ಐದು ದಿನದೊಳಗೆ ಮಾತ್ರ ನಂಬಬಹುದು, ಆಮೇಲೆ ಐಜಿಎಂ ಅನ್ನೋ ಇನ್ನೊಂದು ರಕ್ತ ಟೆಸ್ಟ್ ಮಾಡ್ಬೇಕು. ಆರನೇ ದಿನ ಬಂದು ಎನ್ಎಸ್1 ನೆಗೆಟಿವ್ ಬಂತು, ಡೆಂಗಿ ಇಲ್ಲ ಅಂತ ಖುಷಿ ಪಡೋರು ಭಾಳ ಜನ. ಜಿಲ್ಲಾಸ್ಪತ್ರೆಲಿ ಈ ಟೆಸ್ಟು ಫ್ರೀ. ಪ್ರೈವೇಟಿಗೆ 2024ರಲ್ಲಿ ಸರ್ಕಾರವೇ ರೇಟ್ ಕಟ್ಟಿತ್ತು, ಎನ್ಎಸ್1 ಎಲೈಸಾ (ಲ್ಯಾಬ್ ಮಷಿನ್ನಲ್ಲಿ ಮಾಡೋದು) 300 ರೂಪಾಯಿ, ಐಜಿಎಂ ಎಲೈಸಾ 300, ಕಾರ್ಡ್ ಟೆಸ್ಟ್ 250. ನಾನು ಲ್ಯಾಬಿನವನೇ ಹೇಳ್ತಿದೀನಿ, ಕೇಳಿ ತಿಳ್ಕಂಡು ದುಡ್ಡು ಕೊಡಿ.

ಹರಿಹರದಿಂದ:
ನಮ್ಮನ್ಯಾಗ ಆಗಿದ್ದು ಪೂರ್ತಿ ಹೇಳ್ತೀನಿ ಸ್ವಲ್ಪ ಉದ್ದ ಆಗ್ತದ ಬೇಜಾರಾಗಬ್ಯಾಡ್ರಿ. ನನ್ನ ಮಗಳಿಗೆ ಆಗ ಹನ್ನೊಂದು ವರ್ಷ. ಮೊದಲ್ನೇ ದಿನ 103 ಜ್ವರ, ಹತ್ರದ ಒಂದು ಕ್ಲಿನಿಕ್‌ಗೆ ಹೋದ್ವಿ, ಸೊಂಟಕ್ಕೊಂದು ಇಂಜೆಕ್ಷನ್ ಚುಚ್ಚಿದ್ರು, ಎರಡು ತಾಸಿನ್ಯಾಗ ಜ್ವರ ಇಳೀತು, ನಾವು ಆಹಾ ಅಂದ್ವಿ. ಆಮೇಲೆ ಗೊತ್ತಾಗಿದ್ದು ಅದು ಡೈಕ್ಲೋಫೆನಾಕ್ ಅನ್ನೋ ನೋವಿನ ಮದ್ದು ಅಂತ, ಡೆಂಗಿ ಅನುಮಾನ ಇದ್ರೆ ಅದನ್ನ ಕೊಡಂಗೇ ಇಲ್ಲ, ಐಬುಪ್ರೊಫೆನ್, ಆಸ್ಪಿರಿನ್, ಮಕ್ಕಳ ಜ್ವರಕ್ಕೆ ಕೊಡೋ ಮೆಫೆನಮಿಕ್ ಆ್ಯಸಿಡ್ ಸಿರಪ್ಪು ಕೂಡ ಕೊಡಂಗಿಲ್ಲ, ಮೊದ್ಲೇ ಪ್ಲೇಟ್ಲೆಟ್ ಕಮ್ಮಿ ಇರ್ತಾವ, ಇವು ರಕ್ತ ಸೋರೋದು ಇನ್ನಷ್ಟು ಜಾಸ್ತಿ ಮಾಡ್ತಾವ. ಬರೀ ಪ್ಯಾರಸಿಟಮಾಲ್, ಅದೂ ಮಗುವಿನ ತೂಕ ನೋಡಿ ಡಾಕ್ಟ್ರು ಬರೆದಷ್ಟೇ, ಜ್ವರ ಇಳೀಲಿಲ್ಲ ಅಂತ ಮ್ಯಾಲಿಂದ ಮ್ಯಾಲೆ ಹಾಕಬ್ಯಾಡ್ರಿ, ಲಿವರಿಗೆ ಹೊಡೀತದ.

ನಾಲ್ಕನೇ ದಿನ ಬೆಳಿಗ್ಗೆ ಮೈ ತಣ್ಣಗಾತು. ನಾನು ಬುದ್ಧಿಗೇಡಿ, ಜ್ವರ ಬಿಡ್ತು ಅಂತ ತಲಿಗೆ ನೀರು ಹಾಕಿ ಉಪ್ಪಿಟ್ಟು ತಿನ್ನಿಸಿದೆ. ಮಧ್ಯಾಹ್ನ ಹೊಟ್ಟಿ ನೋವು ಅಂದ್ಲು, ಉಪ್ಪಿಟ್ಟಿನ ಗ್ಯಾಸು ಅಂತ ಓಮದ ನೀರು ಕೊಟ್ಟೆ, ವಾಂತಿ ಮಾಡಿದ್ಲು. ಸಂಜಿಗೆ ಇನ್ನೆರಡು ಸಲ. ಕೈಕಾಲು ಮಂಜುಗಡ್ಡೆ, ಹಣಿ ಮ್ಯಾಲೆ ಬೆವರು, ಮಾತಾಡಿಸಿದ್ರೆ ಸಿಡಸಿಡ ಅಂತಾಳ ಇಲ್ಲಾ ಸುಮ್ನೆ ನೋಡ್ತಾಳ. ನಮ್ಮಮ್ಮ ಕೇಳಿದ್ಲು, ಏ ಇವಳು ಉಚ್ಚಿ ಹೊಯ್ದು ಎಷ್ಟೊತ್ತಾತು? ಲೆಕ್ಕ ಹಾಕಿದ್ರೆ ಬೆಳಿಗ್ಗೆ ಹತ್ತಕ್ಕೆ ಹೋಗಿದ್ದು. ಆಗ ರಾತ್ರಿ ಎಂಟು. ದಾವಣಗೆರೆಗೆ ಕರ್ಕೊಂಡು ಓಡಿದ್ವಿ, ಬಿಪಿ ಸಿಗವಲ್ದು ಅಂದ್ರು, ಸೀದಾ ಐಸಿಯು.

ಅವತ್ತು ಅವಳ ಪ್ಲೇಟ್ಲೆಟ್ ಎಷ್ಟಿತ್ತು ಗೊತ್ತೇನ್ರಿ, 62 ಸಾವಿರ. ಆಮೇಲೆ ವಾರ್ಡಿಗೆ ಹಾಕಿದಾಗ ಪಕ್ಕದ ಮಂಚದಾಗ ಜಗಳೂರು ಕಡೆ ಹುಡುಗ ಒಬ್ಬ, ಅವಂದು 18 ಸಾವಿರ, ಕುಂತು ಇಡ್ಲಿ ತಿಂತಿದ್ದ! ನಮ್ಮೆಜಮಾನ್ರು ರಕ್ತ ಕೊಡೋಕೆ ನಾಕು ಹುಡುಗ್ರನ್ನ ಕರ್ಕೊಂಡು ಬಂದು ಪ್ಲೇಟ್ಲೆಟ್ ಹಾಕ್ರಿ ಹಾಕ್ರಿ ಅಂತ ಡಾಕ್ಟ್ರ ಹಿಂದೆ ಬಿದ್ದಿದ್ರು. ಡಾಕ್ಟ್ರು ಕುಂದರ್ಸಿ ಹೇಳಿದ್ರು, ರಕ್ತ ಸೋರ್ತಾ ಇದ್ರೆ ಇಲ್ಲಾ 10 ಸಾವಿರಕ್ಕಿಂತ ಕೆಳಗೆ ಹೋದ್ರೆ ಹಾಕೋಣ, ನಿಮ್ಮ ಮಗಳಿಗೆ ಈಗ ಬೇಕಾಗಿರೋದು ಡ್ರಿಪ್ಪು, ಅದೂ ತಾಸು ತಾಸಿಗೆ ಅಳತಿ ಮಾಡಿ, ಕಮ್ಮಿ ಆದ್ರೆ ಬಿಪಿ ಬೀಳ್ತದ, ಜಾಸ್ತಿ ಆದ್ರೆ ಎದಿಯಾಗ ನೀರು ತುಂಬ್ತದ ಅಂತ. ನರ್ಸಮ್ಮ ಒಬ್ರು ಒಂದು ಪಾತ್ರಿ ಕೊಟ್ಟು ಉಚ್ಚಿ ಅಳತಿ ಬರೀತಾ ಹೋಗಿ ಅಂದಿದ್ರು. ಎರಡು ದಿನ ಅದೇ ನನ್ನ ಕೆಲಸ. ಅದಕ್ಕೇ ಎಷ್ಟಕ್ಕಿಳಿದ್ರೆ ಡೇಂಜರ್ ಅಂತ ಕೇಳ್ತೀರಲ್ಲ, ನಂಬರಿಗಿಂತ ಜಾಸ್ತಿ ಆ ಪಾತ್ರಿ ನೋಡ್ರಿ ಅಂತೀನಿ ನಾನು.

ಚನ್ನಗಿರಿ ತೋಟದವ:
ಎಲ್ಲಾ ಸರಿ, ಆದ್ರೆ ಪಪ್ಪಾಯಿ ಎಲೆ ಬಗ್ಗೆ ಯಾರೂ ಮಾತಾಡ್ಲಿಲ್ಲ. ನನಗೆ ಡೆಂಗಿ ಬಂದಾಗ ಮೂರು ದಿನ ರಸ ಕುಡ್ದೆ, 40 ಸಾವಿರ ಇದ್ದದ್ದು ಲಕ್ಷ ದಾಟ್ತು. ಕಣ್ಣಾರೆ ಕಂಡಿದ್ದು.

ದುರ್ಗದ ಲ್ಯಾಬಿನವನು:
ಅಣ್ಣ, ಎಷ್ಟನೇ ದಿನ ಕುಡಿದ್ರಿ? ಆರು ಏಳನೇ ದಿನಕ್ಕೆ ಪ್ಲೇಟ್ಲೆಟ್ ತಾನಾಗೇ ಏರೋಕೆ ಶುರುವಾಗ್ತದೆ, ಬರೀ ರಾಗಿ ಗಂಜಿ ಕುಡಿದವರದ್ದೂ ಏರ್ತದೆ. ಎಲೆ ರಸದಿಂದ ಪ್ಲೇಟ್ಲೆಟ್ ಸ್ವಲ್ಪ ಬೇಗ ಏರ್ತದೆ ಅನ್ನೋ ಸಣ್ಣಪುಟ್ಟ ಸ್ಟಡಿ ಅವೆ, ಇಲ್ಲ ಅನ್ನಲ್ಲ. ಆದ್ರೆ ಮೇಲಿನ ಅಕ್ಕ ಹೇಳಿದ್ರಲ್ಲ ನೀರು ಸೋರಿ ಬಿಪಿ ಬೀಳೋದು, ಅದನ್ನ ಎಲೆ ತಡೀತದೆ ಅಂತ ಯಾರೂ ತೋರಿಸಿಲ್ಲ.

ವಿದ್ಯಾನಗರದ ಅಕ್ಕ:
ಮತ್ತ ಆ ಕಹಿಗೆ ಏಳು ವರ್ಷದ ಮಗು ವಾಂತಿ ಮಾಡದೇ ಇರ್ತದಾ? ವಾಂತಿ ಡೆಂಗಿಯಿಂದ ಬಂತಾ ಎಲಿಯಿಂದ ಬಂತಾ ಅಂತ ಹೆಂಗ ಗೊತ್ತಾಗಬೇಕು. ನಾನಾದ್ರೆ ಬ್ಯಾಡ ಅಂತೀನಿ. ಆಡಿನ ಹಾಲಂತೂ ಹಸೀದು ಕೊಡಲೇಬ್ಯಾಡ, ಅದರಿಂದ ಬ್ಯಾರೆ ಜ್ವರ ಬರ್ತದ. ಕಿವಿ ಹಣ್ಣು ತಿಂದ್ರೆ ತಿನ್ಲಿ, ಮೈದುನನ ದುಡ್ಡು.

ನಿಟುವಳ್ಳಿ ತಾಯಿ, ಶುಕ್ರವಾರ ಬೆಳಿಗ್ಗೆ:
ದೇವ್ರು ದೊಡ್ಡಾವ್ನು, ರಾತ್ರಿಯಿಂದ ಜ್ವರ ಇಲ್ರಿ, ಥರ್ಮಾಮೀಟರಲ್ಲಿ 98 ಐತಿ. ಪ್ಲೇಟ್ಲೆಟ್ 74 ಸಾವಿರ, ಪಿಸಿವಿ 36 ಇದ್ದದ್ದು 38. ನಾಳೆ ಸಾಲ್ಯಾಗ ಟೆಸ್ಟ್ ಐತಿ, ಅರ್ಧ ದಿನ ಕಳಿಸ್ಲಾ?

ಹರಿಹರದಿಂದ:
ಬ್ಯಾಡ ತಾಯಿ ಬ್ಯಾಡ, ನಾನು ಅಷ್ಟು ಉದ್ದ ಬರೆದಿದ್ದೇ ಇದಕ್ಕ. ಜ್ವರ ಬಿಟ್ಟ ಮ್ಯಾಲಿನ ಒಂದು ಎರಡು ದಿನಾನೇ ಕಾಯೋ ಹೊತ್ತು. ಟೆಸ್ಟು ಮುಂದಿನ ತಿಂಗಳೂ ಬರ್ತದ. ಭಾನುವಾರದ ತನಕ ಕಣ್ಣು ಮುಚ್ಚಬ್ಯಾಡ್ರಿ, ಹೊಟ್ಟಿ ಒತ್ತಿದ್ರೆ ನೋವು ಅಂತಾನಾ, ವಾಂತಿ ನಿಲ್ಲವಲ್ದಾ, ವಸಡು ಇಲ್ಲಾ ಮೂಗಿನಿಂದ ರಕ್ತ, ಮಲ ಡಾಂಬರಿನಂಗೆ ಕಪ್ಪಗೆ, ಕೈಕಾಲು ತಣ್ಣಗೆ, ಎಬ್ಬಿಸಿದ್ರೂ ಮಂಕು, ಆರು ತಾಸಾದ್ರೂ ಉಚ್ಚಿ ಇಲ್ಲ, ಇದ್ರಾಗ ಒಂದೇ ಒಂದು ಕಂಡ್ರೂ ರಾತ್ರಿ ಎರಡು ಗಂಟೆ ಆಗಿರ್ಲಿ ಹೊರಟುಬಿಡ್ರಿ, ಬೆಳಕು ಹರೀಲಿ ಅಂತ ಕಾಯಬ್ಯಾಡ್ರಿ. ಓಆರ್‌ಎಸ್, ಎಳನೀರು, ಗಂಜಿ, ಉಪ್ಪು ಹಾಕಿದ ಮಜ್ಜಿಗಿ, ಗುಟುಕು ಗುಟುಕಾಗಿ ದಿನವಿಡೀ ಕೊಡ್ರಿ, ಬರೀ ನೀರನ್ನೇ ಕುಡಿಸ್ತಾ ಹೋಗಬ್ಯಾಡ್ರಿ. ಬೀಟ್ರೂಟು ದಾಳಿಂಬ್ರಿ ಜ್ಯೂಸು ಈಗ ಬ್ಯಾಡ, ವಾಂತಿಯಾದ್ರೆ ರಕ್ತನೋ ಜ್ಯೂಸೋ ತಿಳಿಯಲ್ಲ, ನಮಗೆ ಹಂಗಾಗಿ ಅರ್ಧ ಜೀವ ಹೋಗಿತ್ತು.

ಜಗಳೂರು ಆಶಾ ಕಾರ್ಯಕರ್ತೆ:
ಎಲ್ರೂ ಆಸ್ಪತ್ರೆ ಮಾತಾಡ್ತಾ ಇದೀರಿ, ನಾನು ಡ್ರಮ್ಮಿನ ಮಾತಾಡ್ತೀನಿ. ಅಕ್ಕಾ, ನಿಮ್ಮ ಮನೆಗೆ ನಲ್ಲಿ ನೀರು ಎಷ್ಟು ದಿನಕ್ಕೊಮ್ಮೆ? ನಮ್ಮ ಕಡೆ ಎಂಟು ದಿನಕ್ಕೊಮ್ಮೆ ಬರೋ ಓಣಿ ಅವೆ. ಸೊಳ್ಳೆ ಮೊಟ್ಟೆಯಿಂದ ರೆಕ್ಕೆ ಬಲಿಯೋಕೂ ಏಳರಿಂದ ಹತ್ತು ದಿನ ಸಾಕು. ಅಂದ್ರೆ ನಾವು ನೀರಿಗೆ ಕಾಯ್ತಾ ಇರೋ ಅಷ್ಟರಲ್ಲೇ ಅದರ ಬಾಣಂತನ ನಮ್ಮ ಡ್ರಮ್ಮಲ್ಲೇ ಮುಗೀತದೆ. ಇದಕ್ಕೆ ಚರಂಡಿ ಬೇಡ, ಕೊಳಚೆ ಬೇಡ, ನಾವು ಕುಡಿಯೋಕೆ ಹಿಡಿದಿಟ್ಟ ತಿಳಿ ನೀರೇ ಬೇಕು. ಮನೆ ಮನೆಗೆ ಲಾರ್ವಾ, ಅಂದ್ರೆ ಸೊಳ್ಳೆ ಮರಿಹುಳದ ಸರ್ವೆಗೆ ಹೋದಾಗ ನಮ್ಮ ಮನೆ ಕ್ಲೀನ್ ಐತೆ ನೋಡ್ಬೇಡಿ ಅಂತಾರೆ. ಟಾರ್ಚು ಹಾಕಿದ್ರೆ ಫ್ರಿಡ್ಜ್ ಹಿಂದಿನ ತಟ್ಟೇಲಿ, ಕೂಲರಲ್ಲಿ, ಮನಿ ಪ್ಲ್ಯಾಂಟ್ ಬಾಟ್ಲಲ್ಲಿ, ತಾರಸಿ ಮೇಲಿನ ಒಡೆದ ಟೈರಲ್ಲಿ, ದನದ ಬಾನೀಲಿ, ಎಲ್ಲಾ ಕಡೆ ಹುಳ ಕುಣೀತಿರ್ತವೆ. ಒಂದ್ಸಲ ದೇವರ ಮನೆ ತೀರ್ಥದ ಬಟ್ಟಲಲ್ಲೂ ಸಿಕ್ಕಿತ್ತು, ಅಜ್ಜಿ ನನ್ನ ಮೇಲೇ ಸಿಟ್ಟಾದ್ರು.

ಫಾಗಿಂಗ್ ಮಾಡ್ಸಿ ಅಂತ ಎಲ್ರೂ ಗಲಾಟೆ ಮಾಡ್ತೀರಿ. ಹೊಗೆ ಬೀದೀಲಿ ಹಾರೋ ಸೊಳ್ಳೆ ಕೊಲ್ತದೆ, ಈ ಸೊಳ್ಳೆ ಮಂಚದ ಕೆಳಗೆ, ಗೂಟಕ್ಕೆ ನೇತಾಕಿದ ಬಟ್ಟೆ ಹಿಂದೆ ಕುಂತಿರ್ತದೆ, ಡ್ರಮ್ಮಲ್ಲಿರೋ ಹುಳಕ್ಕೆ ಹೊಗೆ ತಾಗೋದೇ ಇಲ್ಲ. ಮತ್ತೆ ಇದು ದೂರ ಹಾರಲ್ಲ, ನೂರು ಇನ್ನೂರು ಮೀಟರ್ ಒಳಗೇ ಇರ್ತದೆ, ಹಂಗಾಗಿ ನಿಮ್ಮ ಮಗನ್ನ ಕಚ್ಚಿದ್ದು ನಿಮ್ಮ ಮನೇದು, ಪಕ್ಕದ ಮನೇದು ಇಲ್ಲಾ ಸ್ಕೂಲಿಂದು. 2024ರ ಸೆಪ್ಟೆಂಬರಲ್ಲಿ ಸರ್ಕಾರ ಡೆಂಗಿನ ಸಾಂಕ್ರಾಮಿಕ ಅಂತ ಘೋಷಣೆ ಮಾಡಿ ಹುಳ ಸಿಕ್ರೆ ಸಿಟಿ ಮನೆಗೆ 400, ಹಳ್ಳಿ ಮನೆಗೆ 200 ದಂಡ ಅಂತ ಮಾಡ್ತು. ದಂಡಕ್ಕೆ ಹೆದರಿ ಡ್ರಮ್ಮು ಒಳಗೆ ಬಚ್ಚಿಟ್ಟೋರೂ ಅವ್ರೆ, ಇನ್ನೇನ್ ಹೇಳಾನ.

ಹಿರಿಯೂರಿನ ಅಜ್ಜ:
ಈ ಹೆಣ್ಮಗಳು ಹೇಳಿದ್ದು ನಿಜ ಕಣ್ರವ್ವ. 2006ರಲ್ಲಿ ಚಿಕೂನ್‌ಗುನ್ಯಾ ಬಂದಿತ್ತಲ್ಲ, ದುರ್ಗ ದಾವಣಗೆರೆ ತುಮಕೂರು ಎಲ್ಲಾ ಕಡೆ, ಊರಿಗೂರೇ ಗೂನು ಬೆನ್ನಾಗಿ ಗ್ವಾಡೆ ಹಿಡ್ಕಂಡು ನಡೀತಿತ್ತು. ಅದೂ ಇದೇ ಸೊಳ್ಳೇದೇ ಕೆಲಸ ಅಂತ ಆಗ ನಮ್ಗೆಲ್ಲಿ ಗೊತ್ತು, ಚಿಕನ್ ಗುನ್ಯಾ ಅಂತ ಕಿವಿಗೆ ಬಿತ್ತು, ಆರು ತಿಂಗಳು ಕೋಳಿ ತಿನ್ನೋದು ಬಿಟ್ಟಿದ್ವಿ. ಮನೆ ಮುಂದೆ ಕಲ್ಲುಬಾನಿ ಮಾತ್ರ ಹಂಗೇ ತುಂಬಿತ್ತು. ನನ್ನ ಮೊಣಕಾಲು ಹಿಡ್ಕಂಡಿದ್ದು ಒಂದು ವರ್ಷ ಬಿಡ್ಲಿಲ್ಲ.

ನಿಟುವಳ್ಳಿ ತಾಯಿ, ಸೋಮವಾರ ರಾತ್ರಿ:
ಹರಿಹರದ ಅಕ್ಕ, ಶುಕ್ರವಾರ ರಾತ್ರಿ ಹೊಟ್ಟಿ ನೋವು ಅಂದ, ಎರಡು ಸಲ ವಾಂತಿ, ನೀವು ಹೇಳಿದ್ದು ನೆನಪಾಗಿ ಹೊರಟೇ ಬಿಟ್ವಿ. ಪಿಸಿವಿ 41 ಆಗಿತ್ತಂತ, ಎರಡು ದಿನ ಡ್ರಿಪ್ ಹಾಕಿದ್ರು, ಪ್ಲೇಟ್ಲೆಟ್ 46 ಸಾವಿರಕ್ಕಿಳಿದು ಇವತ್ತು 1 ಲಕ್ಷದ 5 ಸಾವಿರ. ಮನಿಗೆ ಬಂದೀವಿ. ಅಂಗೈ ಅಂಗಾಲು ಕೆರ್ಕೊಂತಾನ, ಮೈಯೆಲ್ಲಾ ಕೆಂಪು, ನಡನಡುವೆ ಬಿಳಿ ಚುಕ್ಕಿ, ಹಸಿವು ಹಸಿವು ಅಂತ ಪ್ರಾಣ ತಿಂತಾನ. ಆಶಾ ಅಕ್ಕ, ಹಿತ್ತಲ ನೀಲಿ ಡ್ರಮ್ಮಿಗೆ ಟಾರ್ಚ್ ಹಾಕಿದೆ, ಅದಾವ್ರಿ, ಬೇಕಾದಷ್ಟು. ನೀರು ಮತ್ತ ಬರೋದು ಶನಿವಾರ. ಚೆಲ್ಲಿದ್ರೆ ಬಳಸೋಕೆ ನೀರಿಲ್ಲ, ಏನ್ ಮಾಡ್ಲಿ?

ಹರಿಹರದಿಂದ:
ಕೆರೆತ ವಾಸಿಯಾಗೋ ಲಕ್ಷಣ, ನಮ್ಮವಳೂ ಮೂರು ದಿನ ಕೆರ್ಕೊಂಡ್ಲು. ಮುಂದೆ ಒಂದು ನೆನಪಿಟ್ಕೊಳ್ರಿ, ಡೆಂಗಿ ವೈರಸ್ಸಿನ್ಯಾಗ ನಾಕು ನಮೂನಿ ಅದಾವ, ಈಗ ಬಂದದ್ದು ಮತ್ತ ಬರಲ್ಲ, ಉಳಿದ ಮೂರು ಬರಬಹುದು, ಎರಡನೇ ಸಲದ್ದು ಜೋರಾಗೋ ಸಾಧ್ಯತಿ ಜಾಸ್ತಿ. ಇನ್ಮುಂದೆ ಯಾವ ಜ್ವರಕ್ಕೆ ತೋರಿಸಿದ್ರೂ ಮೊದ್ಲು ಡೆಂಗಿ ಆಗಿತ್ತು ಅಂತ ಡಾಕ್ಟ್ರಿಗೆ ಹೇಳ್ರಿ.

ಜಗಳೂರು ಆಶಾ ಕಾರ್ಯಕರ್ತೆ:
ಚೆಲ್ಲಬೇಡಿ ಅಕ್ಕ. ಹಳೇ ಕಾಟನ್ ಸೀರೆ ನಾಕು ಮಡಿಕೆ ಮಾಡಿ ಸೋಸಿ ಬಕೆಟಿಗೆ ತುಂಬ್ಕಳಿ, ಬಟ್ಟೆ ಬಾಂಡೆಗೆ ಬಳಸಿ. ಸೀರೇಲಿ ಉಳಿದ ಹುಳಾನ ಒಣಗಿದ ಮಣ್ಣಿನ ಮೇಲೆ, ಬಿಸ್ಲಿಗೆ ಕೊಡವಿ, ಚರಂಡಿಗೆ ಹಾಕಬೇಡಿ. ಆಮೇಲೆ ಖಾಲಿ ಡ್ರಮ್ಮಿನ ಒಳಗೋಡೇನ ತೆಂಗಿನ ನಾರು ಇಲ್ಲಾ ಬ್ರಷ್ ಹಾಕಿ ಗಸಗಸ ತಿಕ್ಕಿ, ನೀರು ನಿಂತಿದ್ದ ಗೆರೆ ಸುತ್ತ ಜಾಸ್ತಿ, ಮೊಟ್ಟೆ ಅಂಟಿಕೊಂಡಿರೋದು ಅಲ್ಲೇ, ಒಣಗಿದ್ರೂ ತಿಂಗಳುಗಟ್ಟಲೆ ಬದುಕಿರ್ತವೆ, ನೀರು ತಾಗಿದ ಕೂಡ್ಲೇ ಒಡೀತವೆ. ಒಂದು ದಿನ ಬೋರಲು ಹಾಕಿ ಒಣಗಿಸಿ. ಶನಿವಾರ ತುಂಬಿದ ಮೇಲೆ ಮುಚ್ಚಳದ ಮೇಲೆ ಬಟ್ಟೆ ಹಾಕಿ ಹಗ್ಗ ಬಿಗೀರಿ, ಮುಚ್ಚಳದ ಮೇಲೆ ನೀರು ನಿಲ್ಲದಂಗೆ ನೋಡ್ಕಳಿ. ಮಗಳಿಗೆ ಇನ್ನೊಂದು ಎರಡು ವಾರ ಹಗಲೂ ಪರದೆ ಇರ್ಲಿ, ಜ್ವರ ಬಂದ್ರೆ ಮೊದಲ್ನೇ ದಿನವೇ ತೋರಿಸಿ. ಪಕ್ಕದ ಮನೆ ತಾರಸಿ ನೋಡಿದ್ರಾ?