ಪ್ರವಾಸಿಗಳಿಲ್ಲದ ಪ್ರವಾಸೋದ್ಯಮಕ್ಕೆ ಪರಿಹಾರ

ಕೋವಿಡ್ ಕಾಲದಲ್ಲಿ ಸರ್ಕಾರವು ಪ್ರವಾಸೋದ್ಯಮದ ಕೈ ಹಿಡಿಯಿತೇ ಎಂಬ ಪ್ರಶ್ನೆಯನ್ನು ನಮ್ಮ ಮೈಸೂರಿನ ಗೆಳೆಯರ ಗುಂಪಿನಲ್ಲಿ ಎತ್ತಿದರೆ ಆ ದಿನದ ವಾಕಿಂಗ್ ರದ್ದಾಯಿತೆಂದೇ ತಿಳಿಯಬೇಕು. ಟೆಂಪೋ ಟ್ರಾವೆಲರ್‌ಗಳ ಒಡೆಯನಾದ ಶಾಮಣ್ಣ, ಬ್ಯಾಂಕಿನಿಂದ ನಿವೃತ್ತರಾದ ಮ್ಯಾನೇಜರು, ಅಂಚೆ ಇಲಾಖೆಯಿಂದ ನಿವೃತ್ತರಾದ ರಾಯರು, ಈ ಮೂವರೂ ಒಂದೇ ಕಲ್ಲುಬೆಂಚಿನ ಮೇಲೆ ಕುಳಿತು ಮೂರು ದಿಕ್ಕಿಗೆ ಮುಖ ಮಾಡುತ್ತಾರೆ.

“ಕೈಯನ್ನೇನೋ ಹಿಡಿಯಿತು,” ಎಂದು ಶಾಮಣ್ಣ ಆರಂಭಿಸಿದ. “2021ರ ಜೂನ್ 28ರಂದು ನಿರ್ಮಲಾ ಸೀತಾರಾಮನ್ ಅವರು ಟ್ರಾವೆಲ್ ಸಂಸ್ಥೆಗಳಿಗೆ ತಲಾ 10 ಲಕ್ಷ, ಗೈಡುಗಳಿಗೆ ತಲಾ 1 ಲಕ್ಷ ರೂಪಾಯಿವರೆಗೆ ಎಂದು ಘೋಷಿಸಿದಾಗ ನನ್ನ ಹೆಂಡತಿ ದೇವರಿಗೆ ತುಪ್ಪದ ದೀಪ ಹಚ್ಚಿದಳು. ಅದು ಸಾಲವೆಂದು ತಿಳಿದ ಮೇಲೆ ತುಪ್ಪದಿಂದ ಎಣ್ಣೆಗೆ ಇಳಿದಳು. ಕೇಂದ್ರ ಪ್ರವಾಸೋದ್ಯಮ ಸಚಿವಾಲಯದ ಮಾನ್ಯತೆಯಿರುವ ಸಂಸ್ಥೆಗಳಿಗೆ ಮಾತ್ರವೆಂದು ಗೊತ್ತಾದಾಗ ದೀಪವನ್ನೇ ಆರಿಸಿದಳು.”

ಗೈಡುಗಳನ್ನೂ ಸೇರಿಸಿ ಇಡೀ ದೇಶದಲ್ಲಿ ಆ ಯೋಜನೆಯ ಲೆಕ್ಕಕ್ಕೆ ಸಿಕ್ಕವರು 11,000ಕ್ಕೆ ಸ್ವಲ್ಪ ಹೆಚ್ಚು ಮಂದಿ. ಹಂಪಿ, ಬೇಲೂರು, ಮೈಸೂರುಗಳಲ್ಲಿ ಗಾಡಿ ನಿಲ್ಲಿಸಿಕೊಂಡು ಗಿರಾಕಿಗಾಗಿ ಕಾಯುತ್ತಿದ್ದವರಲ್ಲಿ ದೆಹಲಿಯ ಮಾನ್ಯತಾಪತ್ರವನ್ನು ಕಣ್ಣಿನಿಂದ ಕಂಡವರಾದರೂ ಎಷ್ಟು ಮಂದಿ ಇದ್ದಾರು ಎಂಬುದು ನನ್ನ ಸಂಶಯ.

ಮ್ಯಾನೇಜರಿಗೆ ಸಾಲವನ್ನು ಹಳಿಯುವುದು ಸಹಿಸಲಿಲ್ಲ. “ಅಡಮಾನ ಕೇಳುವಂತಿರಲಿಲ್ಲ, ಸಂಸ್ಕರಣಾ ಶುಲ್ಕವಿರಲಿಲ್ಲ, ಅವಧಿಗೆ ಮುನ್ನವೇ ತೀರಿಸಿದರೆ ದಂಡವಿರಲಿಲ್ಲ, ಮೇಲಾಗಿ ಶೇಕಡ 100ರಷ್ಟು ಸರ್ಕಾರಿ ಖಾತರಿ ಇತ್ತು,” ಎಂದರು.

“ಅವಧಿಗೆ ಮುನ್ನ ತೀರಿಸುವ ಯೋಗ್ಯತೆ ಇದ್ದವನು ನಿಮ್ಮ ಬಾಗಿಲಿಗೇಕೆ ಬರುತ್ತಾನೆ? ಅದಿರಲಿ, ಖಾತರಿ ಯಾರಿಗೆ?”

“ಬ್ಯಾಂಕಿಗೆ.”

“ನಾನು ಕಟ್ಟದಿದ್ದರೆ?”

“ಬ್ಯಾಂಕಿಗೆ ಸರ್ಕಾರ ತುಂಬಿಕೊಡುತ್ತದೆ.”

“ಹಾಗಾದರೆ ನಾನು ಋಣಮುಕ್ತನೇ?”

“ಛೇ, ಛೇ! ನಿಮ್ಮಿಂದ ವಸೂಲಿ ಮಾಡುವುದು ನಿಲ್ಲುವುದಿಲ್ಲ.”

“ನೋಡಿದಿರಾ, ಮುಳುಗುತ್ತಿರುವವನು ನಾನು, ಲೈಫ್ ಜಾಕೆಟ್ ತೊಟ್ಟು ದಡದಲ್ಲಿ ನಿಂತಿರುವವರು ಇವರು!”

ರಾಜ್ಯ ಸರ್ಕಾರದ ನೆರವಿನ ಬಗ್ಗೆ ಶಾಮಣ್ಣನ ದೂರು ಬೇರೆ ಬಗೆಯದು. ಯಡಿಯೂರಪ್ಪನವರ ಸರ್ಕಾರವು ಆಟೋ ಮತ್ತು ಟ್ಯಾಕ್ಸಿ ಚಾಲಕರಿಗೆ 2020ರಲ್ಲಿ 5,000 ರೂಪಾಯಿಯನ್ನೂ 2021ರಲ್ಲಿ 3,000 ರೂಪಾಯಿಯನ್ನೂ ಘೋಷಿಸಿತು. “ಎರಡನೆಯ ಅಲೆ ಮೊದಲನೆಯದಕ್ಕಿಂತ ಭೀಕರವಾಗಿದ್ದರೂ ಪರಿಹಾರ ಇಳಿಯಿತು, ಹಳೆಯ ಗಿರಾಕಿಗಳೆಂದು ನಮ್ಮ ಕಷ್ಟಕ್ಕೂ ರಿಯಾಯಿತಿ ಹಾಕಿದರೋ ಏನೋ. ಹಣ ಬಂದದ್ದು ನನ್ನ ಚಾಲಕನಿಗೆ. ಮಾಲೀಕನಾದ ನಾನು ಅವನ ಬಳಿ ಕೈಗಡ ಕೇಳಿದೆ.”

ಇಷ್ಟು ಹೊತ್ತು ಸುಮ್ಮನಿದ್ದ ರಾಯರು, ತಮಗಂತೂ ಆ ಕಾಲದಲ್ಲಿ ಕೇಂದ್ರದಿಂದ ತುಂಬಾ ಅನುಕೂಲವಾಯಿತೆಂದು ಬಾಯಿ ಬಿಟ್ಟದ್ದೇ ಅನಾಹುತಕ್ಕೆ ಕಾರಣವಾಯಿತು. 2020ರ ಅಕ್ಟೋಬರ್ 12ರಂದು ಪ್ರಕಟವಾದ ಯೋಜನೆಯಂತೆ, ಕೇಂದ್ರ ಸರ್ಕಾರಿ ನೌಕರರು ಪ್ರವಾಸ ಹೋಗದೆಯೇ ಎಲ್‌ಟಿಸಿ (ರಜೆಯ ಪ್ರವಾಸಕ್ಕೆ ಸಿಗುವ ಪ್ರಯಾಣ ಭತ್ಯೆ) ಹಣ ಪಡೆಯಬಹುದಾಗಿತ್ತು. ಆದರೆ ಪ್ರಯಾಣ ದರದ ಮೂರರಷ್ಟನ್ನು, ಶೇಕಡ 12 ಅಥವಾ ಅದಕ್ಕಿಂತ ಹೆಚ್ಚು ಜಿಎಸ್‌ಟಿ ಇರುವ ವಸ್ತುಗಳ ಮೇಲೆ 2021ರ ಮಾರ್ಚ್ 31ರೊಳಗೆ ಡಿಜಿಟಲ್ ಪಾವತಿಯಲ್ಲೇ ಖರ್ಚು ಮಾಡಬೇಕಿತ್ತು. ಆಗಿನ್ನೂ ಸೇವೆಯಲ್ಲಿದ್ದ ರಾಯರು ದೊಡ್ಡದೊಂದು ಫ್ರಿಜ್ ಕೊಂಡಿದ್ದರು.

ಶಾಮಣ್ಣ ಎದ್ದೇ ನಿಂತ. “ರಾಯರೇ, ಆ ವರ್ಷ ನಿಮ್ಮನ್ನು ಕಾಶ್ಮೀರಕ್ಕೆ ಕರೆದೊಯ್ಯಬೇಕಿದ್ದವನು ನಾನು! ನಾನು ತೋರಿಸಬೇಕಾಗಿದ್ದ ಹಿಮವನ್ನೆಲ್ಲ ನೀವು ಫ್ರೀಜರಿನಲ್ಲಿ ನೋಡಿ ಮುಗಿಸಿದಿರಿ!”

“ರೋಗ ಹರಡುವಾಗ ಜನರನ್ನು ಊರೂರು ತಿರುಗಿಸಬೇಕಿತ್ತೇನು?” ಎಂದು ಮ್ಯಾನೇಜರು ರಾಯರ ನೆರವಿಗೆ ಧಾವಿಸಿದರು. “ಜಪಾನ್ 2020ರ ಜುಲೈನಲ್ಲಿ ‘ಗೋ ಟು ಟ್ರಾವೆಲ್’ ಎಂದು ಪ್ರವಾಸದ ಖರ್ಚಿನ ಅರ್ಧದವರೆಗೂ ತಾನೇ ಭರಿಸಲು ಹೊರಟು, ಸೋಂಕು ಏರಿದಾಗ ಡಿಸೆಂಬರ್ ಕೊನೆಗೆ ಅದನ್ನು ದೇಶದಾದ್ಯಂತ ನಿಲ್ಲಿಸಬೇಕಾಯಿತು.” ಮ್ಯಾನೇಜರ ಮಾತು ಸರಿಯೇ, ಆದರೂ ಪ್ರವಾಸದ ಹಣವನ್ನು ಪ್ರವಾಸ ಮಾಡದಿರುವುದಕ್ಕೆ ಕೊಟ್ಟ ಮೇಲೆ, ಆ ಹಣ ಬರಬೇಕಾಗಿದ್ದವನ ಲೆಕ್ಕವನ್ನು ಬೇರೆಯಾಗಿ ಚುಕ್ತಾ ಮಾಡಬೇಕಿತ್ತೆಂಬುದು ನನ್ನ ಮತ.

ವಿದೇಶಿಯರ ಕಡೆಗಾದರೂ ಸರ್ಕಾರ ಉದಾರವಾಗಿತ್ತಲ್ಲ ಎಂದು ನಾನು ಸಮಾಧಾನ ಹೇಳಲು ಹೋದೆ. ಮೊದಲ 5 ಲಕ್ಷ ಪ್ರವಾಸಿಗಳಿಗೆ ವೀಸಾ ಉಚಿತವೆಂದು ಅದೇ ಜೂನ್ 28ರಂದು ಸಾರಲಾಗಿತ್ತು. ಆದರೆ ಪ್ರವಾಸಿ ವೀಸಾ ಕೊಡುವುದೇ ಆಗ ನಿಂತಿತ್ತು. ಉಚಿತದ ಗಡುವು 2022ರ ಮಾರ್ಚ್ 31; ನಿಯಮಿತ ಅಂತರರಾಷ್ಟ್ರೀಯ ವಿಮಾನಗಳು ಮತ್ತೆ ಹಾರಿದ್ದು ಮಾರ್ಚ್ 27ರಂದು. ದಿನಾಂಕಗಳನ್ನು ಕೇಳಿದ ರಾಯರು ಬೆರಳು ಮಡಚಿ ಎಣಿಸಿ, “ಫ್ರಿಜ್ಜಿಗೆ ಇದಕ್ಕಿಂತ ಹೆಚ್ಚು ಕಾಲಾವಕಾಶ ಕೊಟ್ಟಿದ್ದರು,” ಎಂದರು.

ಮ್ಯಾನೇಜರು ಕೊನೆಯ ಅಸ್ತ್ರವಾಗಿ, 2020ರ ಮಾರ್ಚ್‌ನಿಂದ ಆಗಸ್ಟ್‌ವರೆಗೆ ರಿಸರ್ವ್ ಬ್ಯಾಂಕ್ ಅವಕಾಶ ಕಲ್ಪಿಸಿದ ಕಂತು ಮುಂದೂಡಿಕೆಯನ್ನು ಹೊರತೆಗೆದರು.

“ಕಂತು ನಿಂತಿತು, ಬಡ್ಡಿ ನಿಲ್ಲಲಿಲ್ಲ,” ಎಂದ ಶಾಮಣ್ಣ. “ಆ ಆರು ತಿಂಗಳು ನನ್ನ ಶೆಡ್ಡಿನಲ್ಲಿ ಓಡಿದ್ದು ಅದೊಂದೇ.”

“ಬಡ್ಡಿಯ ಮೇಲಿನ ಬಡ್ಡಿಯನ್ನು ವಸೂಲಿ ಮಾಡಬಾರದೆಂದು 2021ರ ಮಾರ್ಚ್ 23ರಂದು ಸುಪ್ರೀಂ ಕೋರ್ಟೇ ಹೇಳಿತಲ್ಲ! ನಿಮ್ಮ ಖಾತೆಗೂ ಒಂದಿಷ್ಟು ಮರಳಿ ಬಂದಿರಬೇಕು.”

“ಬಂತು, ಸುಳ್ಳೇಕೆ ಹೇಳಲಿ? ಏಳಿ, ಅದರಲ್ಲಿ ನಾಲ್ವರಿಗೂ ಕಾಫಿ ಕುಡಿಸುತ್ತೇನೆ. ಬೈಟೂ ಆದರೆ ಮಾತ್ರ.”